ಅಪರಿಚಿತನ ಕೈಯ ಹಣ

ಒಬ್ಬರನ್ನೊಬ್ಬರು ಅರಿಯದ ಇಬ್ಬರು ಮನುಷ್ಯರು, ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದಿದ್ದಾಗಲೂ, ಪರಸ್ಪರರ ಕುಲ, ವೃತ್ತಿ, ಮತಗಳನ್ನು ವಿಚಾರಿಸುವ ಗೊಡವೆಗೆ ಹೋಗದೆ, ಕ್ಷಣಮಾತ್ರದಲ್ಲಿ ವ್ಯವಹಾರವನ್ನು ಮುಗಿಸಿ, ಋಣಮುಕ್ತರಾಗಿ ತಂತಮ್ಮ ದಾರಿ ಹಿಡಿದು ಹೋಗುವಂತೆ ಮಾಡಿದ ಸಾಧನಗಳಲ್ಲಿ ನಾಣ್ಯಕ್ಕೆ ಸಮನಾದುದು ಬೇರೊಂದಿಲ್ಲ. ಬಂಧುಗಳ ನಡುವೆ ಕೊಡುಕೊಳ್ಳುವಿಕೆ ನಡೆಯುವುದು ನೆನಪಿನ ಮೇಲೆ. ನೆರೆಯವರ ನಡುವೆ ನಡೆಯುವುದು ಕೈಗಡದ ಮೇಲೆ. ಊರಿನ ಅಂಗಡಿಯಲ್ಲಾದರೆ ಶೆಟ್ಟರ ಪುಸ್ತಕದಲ್ಲಿ ಲೆಕ್ಕ ಬರೆಯಿಸಿದರೆ ತಿಂಗಳ ಕೊನೆಯವರೆಗೆ ಚಿಂತೆಯಿಲ್ಲ. ನಗದಿಲ್ಲದೆ ಒಂದು ಹೊತ್ತೂ ಕಳೆಯಲಾಗದವನು ಯಾವನೆಂದರೆ ನೆನಪಿನಲ್ಲಾಗಲಿ ಪುಸ್ತಕದಲ್ಲಾಗಲಿ ಹೆಸರಿಲ್ಲದವನು, ಎಂದರೆ ಪರದೇಶದಿಂದ ಬಂದ ಪಥಿಕನು. ಆದುದರಿಂದ ಒಂದು ದೇಶದ ಹಣದ ವ್ಯವಸ್ಥೆ ಎಷ್ಟು ಸಮರ್ಪಕವಾಗಿದೆ ಎಂಬುದನ್ನು ತಿಳಿಯಬೇಕಾದರೆ ಆ ದೇಶದ ಧನಿಕನನ್ನಲ್ಲ, ನಿನ್ನೆ ಸಂಜೆ ಅಲ್ಲಿಗೆ ಬಂದಿಳಿದ ಪರಕೀಯನನ್ನು ಕೇಳುವುದು ಯುಕ್ತವಾದ ಕ್ರಮವೆಂದು ತೋರುತ್ತದೆ.

1443ರಲ್ಲಿ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನು ಆ ರಾಜ್ಯದಲ್ಲಿ ಸಲ್ಲುತ್ತಿದ್ದ ವರಾಹ, ಪ್ರತಾಪ, ಹಣ ಎಂಬ ನಾಣ್ಯಗಳ ವಿವರವನ್ನು ಬರೆದಿಟ್ಟಿದ್ದಾನೆ. ಅಂಥ ಪೇಟೆಗಳಲ್ಲಿ ಪರದೇಶದ ನಾಣ್ಯವನ್ನು ಹಿಡಿದು ಬಂದವನು ಮೊದಲು ಹೋಗಬೇಕಾಗಿದ್ದುದು ಚಿನಿವಾರನ ಕಟ್ಟೆಗೆ. ಚಿನಿವಾರನು ನಾಣ್ಯವನ್ನು ಒರೆಗೆ ಹಚ್ಚಿ, ತೂಕ ನೋಡಿ, ತನಗೆ ಸಲ್ಲಬೇಕಾದ ವಟ್ಟವನ್ನು ಮುರಿದುಕೊಂಡು, ಉಳಿದುದಕ್ಕೆ ಆ ನಾಡಿನ ನಾಣ್ಯವನ್ನು ಕೊಡುತ್ತಿದ್ದನು. ಅವನು ವಟ್ಟ ಹೆಚ್ಚಾಗಿ ಹಿಡಿದಿರಬಹುದು. ತೂಕದಲ್ಲಿ ಮೋಸ ಮಾಡಿರಲೂಬಹುದು. ಆದರೆ ಅವನು ಪರೀಕ್ಷಿಸುತ್ತಿದ್ದುದು ಲೋಹವನ್ನು. ಅದನ್ನು ತಂದ ಮನುಷ್ಯನನ್ನಲ್ಲ. ಈಗ, ಅಂಗೈಯಗಲದ ದೂರವಾಣಿಯಲ್ಲಿ ಒಂದು ಚೌಕವನ್ನು ಸ್ಕ್ಯಾನ್ ಮಾಡಿ ಹಣ ಸಲ್ಲಿಸುವ ಪದ್ಧತಿ ದೇಶದೇಶಗಳಲ್ಲಿ ರೂಢಿಗೆ ಬರುತ್ತಿರುವಾಗ, ಈ ಪರೀಕ್ಷೆಯ ದಿಕ್ಕು ತಿರುಗಿದೆ. ಒರೆಗೆ ಹಚ್ಚಲ್ಪಡುತ್ತಿರುವವನು ಮನುಷ್ಯನೇ. ಈ ತಿರುವಿನಿಂದ ಲಾಭವಾದುದೆಷ್ಟು, ನಷ್ಟವಾದುದೆಷ್ಟು, ಮತ್ತು ನಷ್ಟವನ್ನು ತುಂಬಿಕೊಡುವ ಹೊಣೆ ಯಾರದು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಚೀನಾ ದೇಶಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಲೋಹವನ್ನು ಬಿಟ್ಟು ಕೇವಲ ನಂಬಿಕೆಯನ್ನು ಹಣವಾಗಿಸುವ ಸಾಹಸವನ್ನು ಮೊತ್ತಮೊದಲು ಕೈಗೊಂಡ ನಾಡು ಅದು. ಸಿಚುವಾನ್ ಪ್ರಾಂತದಲ್ಲಿ ಚಲಾವಣೆಯಲ್ಲಿದ್ದ ಕಬ್ಬಿಣದ ನಾಣ್ಯಗಳು ಹೊರಲಾರದಷ್ಟು ಭಾರವಾಗಿದ್ದುದರಿಂದ ಅಲ್ಲಿನ ವರ್ತಕರು ಕಾಗದದ ಪತ್ರಗಳನ್ನು ಬಳಸತೊಡಗಿದರು. 1024ರಲ್ಲಿ ಸುಂಗ್ ವಂಶದ ಸರಕಾರವೇ ಅವನ್ನು ಹೊರಡಿಸತೊಡಗಿತು. ಎರಡೂವರೆ ಶತಮಾನಗಳ ತರುವಾಯ ಕುಬ್ಲಾಯಿ ಖಾನನ ರಾಜ್ಯವನ್ನು ಕಂಡ ಮಾರ್ಕೋ ಪೋಲೋ, ಹಿಂದೂಸ್ಥಾನವೇ ಮೊದಲಾದ ದೇಶಗಳಿಂದ ಚಿನ್ನ, ಬೆಳ್ಳಿ, ಮುತ್ತು, ರತ್ನಗಳನ್ನು ತಂದ ವರ್ತಕರು ಅವನ್ನು ಚಕ್ರವರ್ತಿಗಲ್ಲದೆ ಬೇರೆ ಯಾರಿಗೂ ಮಾರಕೂಡದೆಂಬ ಕಟ್ಟಳೆಯಿತ್ತೆಂದೂ, ಬೆಲೆಯನ್ನು ಅವರು ಹಿಪ್ಪುನೇರಳೆಯ ತೊಗಟೆಯಿಂದಾದ ಕಾಗದದ ರೂಪದಲ್ಲಿಯೇ ಪಡೆಯಬೇಕಾಗಿತ್ತೆಂದೂ ಹೇಳುತ್ತಾನೆ. ನಮ್ಮ ಹೊನ್ನಾವರದ ತೀರವನ್ನು ಹಾದು ಆ ಕಡೆಗೆ ಪಯಣಿಸಿದ ಇಬ್ನ್ ಬತೂತನೂ ಇದನ್ನೇ ಬರೆಯುತ್ತಾನೆ: ಪೇಟೆಗೆ ಹೋಗಿ ಬೆಳ್ಳಿಯ ದಿರ್ಹಮನ್ನೋ ಚಿನ್ನದ ದೀನಾರನ್ನೋ ತೋರಿಸಿದರೆ ಅಲ್ಲಿ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲವಂತೆ, ಮೊದಲು ಅದನ್ನು ಕಾಗದಕ್ಕೆ ಬದಲಾಯಿಸಿಕೊಂಡು ಬರಬೇಕಾಗಿತ್ತು. ತಾಮ್ರದ ಸಂಕೇತ ನಾಣ್ಯವನ್ನು ಹೊರಡಿಸಿ ವಿಫಲನಾದ ಮಹಮ್ಮದ್ ಬಿನ್ ತುಘಲಕನ ದೂತನಾಗಿದ್ದ ಬತೂತನು, ಕಾಗದದ ಸಂಕೇತ ಹಣ ಸಫಲವಾದ ದೇಶವನ್ನು ಕಂಡು ಬೆರಗಾದುದು ಸಹಜವೇ. ಇಲ್ಲಿ ಗಮನಿಸತಕ್ಕ ಸಂಗತಿ ಇಷ್ಟು: ಪರದೇಶದವನು ತನ್ನದನ್ನು ಬಿಟ್ಟು ಅಲ್ಲಿಯದನ್ನು ಹಿಡಿಯಬೇಕೆಂಬ ನಿರ್ಬಂಧ ಅಂದೂ ಇದ್ದಿತು, ಆದರೆ ಒಮ್ಮೆ ಕಾಗದ ಕೈಗೆ ಬಂದ ಮೇಲೆ ಅವನಿಗೂ ಅಲ್ಲಿಯ ಪ್ರಜೆಗೂ ಪೇಟೆಯಲ್ಲಿ ಭೇದವಿರಲಿಲ್ಲ.

ಈ ಭೇದವನ್ನು ಹಣದೊಳಕ್ಕೇ ತಂದು ಸೇರಿಸಿದ ಕಾಲವೊಂದು ನಮ್ಮ ನೆನಪಿನ ಅಳವಿಗೇ ಬರುವಷ್ಟು ಹತ್ತಿರದಲ್ಲಿದೆ. 1980ರಿಂದ ಮೊದಲ್ಗೊಂಡು ಚೀನಾ ಸರಕಾರವು ವಿದೇಶೀಯರಿಗಾಗಿ ಪ್ರತ್ಯೇಕವಾದ ವಿನಿಮಯ ಪತ್ರಗಳನ್ನು ಹೊರಡಿಸುತ್ತಿತ್ತು. ಪ್ರವಾಸಿಯು ತನ್ನ ಡಾಲರನ್ನು ಕೊಟ್ಟು ಈ ಪತ್ರಗಳನ್ನು ಪಡೆದು, ವಿದೇಶೀಯರಿಗಾಗಿಯೇ ಏರ್ಪಟ್ಟಿದ್ದ ‘ಮೈತ್ರಿ ಮಳಿಗೆ’ಗಳಲ್ಲಿಯೂ ಹೋಟೆಲುಗಳಲ್ಲಿಯೂ ವೆಚ್ಚಮಾಡಬೇಕಾಗಿತ್ತು. ಪತ್ರಕ್ಕೂ ಪ್ರಜೆಗಳ ಯುವಾನಿಗೂ ಕಾಗದದ ಮೇಲೆ ಬೆಲೆ ಒಂದೇ. ಬೀದಿಯಲ್ಲಿ ಮಾತ್ರ ಪತ್ರಕ್ಕೆ ಹೆಚ್ಚಿನ ಬೆಲೆ. 1994ರ ಆರಂಭದಲ್ಲಿ ಈ ಪತ್ರಗಳನ್ನು ಹೊರಡಿಸುವುದು ನಿಂತಿತು. ಪರಕೀಯನ ಕೈಗೂ ಪ್ರಜೆಯ ಕೈಗೂ ಒಂದೇ ಹಣ ಬಂದಿತು. ಆದರೆ ಹತ್ತು ವರ್ಷಗಳ ತರುವಾಯ, 2004ರಲ್ಲಿ, ಅಲಿಬಾಬ ಸಂಸ್ಥೆಯ ಅಂಗವಾಗಿ ಅಲಿಪೇ ಹುಟ್ಟಿತು. 2011ರಲ್ಲಿ ಬಂದ ವೀಚಾಟ್ ಎಂಬ ಮಾತುಕತೆಯ ಆ್ಯಪ್ 2013ರಲ್ಲಿ ಹಣ ಸಲ್ಲಿಸುವ ಕೆಲಸವನ್ನೂ ವಹಿಸಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಮಹಾನಗರದ ಮಳಿಗೆಯಿಂದ ಹಿಡಿದು ಹಳ್ಳಿಯ ಸಂತೆಯವರೆಗೆ ಈ ಎರಡೇ ಹೆಸರುಗಳು ಹಣಕ್ಕೆ ಪರ್ಯಾಯವಾದುವು. ವಿದೇಶೀಯನನ್ನು ಹೊರಗಿಡಬೇಕೆಂದು ಇಲ್ಲಿ ಯಾರೂ ಸಂಕಲ್ಪಿಸಲಿಲ್ಲ. ಚೀನಾದ ಬ್ಯಾಂಕು ಖಾತೆ, ಚೀನಾದ ಗುರುತಿನ ಸಂಖ್ಯೆ, ಚೀನಾದ ದೂರವಾಣಿ ಸಂಖ್ಯೆ ಇವು ಮೂರೂ ಇರುವವನಿಗಾಗಿ ಕಟ್ಟಿದ ಮನೆಯಲ್ಲಿ ಇವು ಮೂರೂ ಇಲ್ಲದವನಿಗೆ ಬಾಗಿಲಿಡಲು ಮರೆತರು, ಅಷ್ಟೆ. ಶಾಸನವು ಅಳಿಸಿಹಾಕಿದ ಭೇದವನ್ನು ಸೌಕರ್ಯವು ಮರಳಿ ತಂದಿತು.

ಈ ಮರೆವಿನ ಫಲ ಹೇಗಿರುತ್ತದೆಂಬುದನ್ನು ಸಮೀಪದಿಂದ ನೋಡಬಹುದು. ಗುವಾಂಗ್‌ಝೌ ನಗರದಲ್ಲಿ 1957ರಿಂದ ವರ್ಷಕ್ಕೆರಡು ಬಾರಿ ನಡೆಯುತ್ತಿರುವ ಪ್ರಸಿದ್ಧ ವ್ಯಾಪಾರ ಮೇಳಕ್ಕೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಪೀಣ್ಯದಿಂದಲೋ ಯಂತ್ರದ ಬಿಡಿಭಾಗಗಳನ್ನು ನೋಡಿಬರಲು ಹೋದ ವರ್ತಕನೊಬ್ಬನನ್ನು ಭಾವಿಸಿಕೊಳ್ಳೋಣ. ಬೆಳಗಿನ ಹೊತ್ತು ಹೋಟೆಲಿನಿಂದ ಹೊರಬಿದ್ದು ಬೀದಿಯ ಬದಿಯ ತಳ್ಳುಗಾಡಿಯ ಮುಂದೆ ನಿಲ್ಲುತ್ತಾನೆ. ಗಾಡಿಯ ಅಂಚಿಗೆ ಎರಡು ಚೌಕಗಳನ್ನು ಅಂಟಿಸಿದೆ: ಹಸಿರಿನದು ವೀಚಾಟಿನದು, ನೀಲಿಯದು ಅಲಿಪೇಯದು. ಮುಂದಿನವನು ಫೋನನ್ನು ಚೌಕದ ಕಡೆಗೆ ಹಿಡಿದ ಮರುಕ್ಷಣವೇ ಗಾಡಿಯಲ್ಲಿರುವ ಪುಟ್ಟ ಪೆಟ್ಟಿಗೆ ಇಷ್ಟು ಯುವಾನ್ ಬಂದಿತೆಂದು ಕೂಗಿ ಹೇಳುತ್ತದೆ. ಮಾರುವವಳು ಒಲೆಯಿಂದ ತಲೆಯೆತ್ತುವುದೂ ಇಲ್ಲ. ನಮ್ಮ ವರ್ತಕನು ನೂರು ಯುವಾನಿನ ನೋಟನ್ನು ಚಾಚುತ್ತಾನೆ. ಆಕೆ ಕೋಪಗೊಳ್ಳುವುದಿಲ್ಲ, ತಿರಸ್ಕರಿಸುವುದೂ ಇಲ್ಲ, ಕೈಯಾಡಿಸಿ ನಗುತ್ತಾಳೆ. ಹತ್ತು ಯುವಾನಿನ ತಿಂಡಿಗೆ ತೊಂಬತ್ತರ ಚಿಲ್ಲರೆ ಆಕೆಯಲ್ಲಿಲ್ಲ. ಇರಬೇಕಾದ ಪ್ರಸಂಗವೇ ಬಾರದಷ್ಟು ಕಾಲವಾಗಿದೆ. ನಗದನ್ನು ನಿರಾಕರಿಸಕೂಡದೆಂದು ಆ ದೇಶದ ಕೇಂದ್ರ ಬ್ಯಾಂಕು 2018ರಲ್ಲಿಯೇ ಪ್ರಕಟಣೆ ಹೊರಡಿಸಿದೆ, ತರುವಾಯ ನಿರಾಕರಿಸಿದವರಿಗೆ ದಂಡವನ್ನೂ ವಿಧಿಸಿದೆ. ಆದರೆ ನಿಯಮವು ನೋಟನ್ನು ತೆಗೆದುಕೊಳ್ಳೆಂದು ಹೇಳಬಲ್ಲದೇ ಹೊರತು ಗಾಡಿಯ ಡಬ್ಬಿಯಲ್ಲಿ ಚಿಲ್ಲರೆ ತಂದಿಡಲಾರದು.

ಹಾಗಾದರೆ ಅವನು ಊರಿನಲ್ಲಿಯೇ ಆ್ಯಪನ್ನು ಸಿದ್ಧಮಾಡಿಕೊಂಡು ಹೋಗಬಾರದಾಗಿತ್ತೆ? ಇಲ್ಲಿ ಭಾರತೀಯನಿಗೆ ಮಾತ್ರ ಒದಗುವ ವಿಶೇಷವಾದ ತೊಡಕೊಂದುಂಟು. ವೀಚಾಟನ್ನು ನಮ್ಮ ಸರಕಾರವು 2020ರ ಜೂನ್‌ನಲ್ಲಿ, ಗಡಿಯ ಘರ್ಷಣೆಯ ಬೆನ್ನಿಗೇ, ಇತರ 58 ಆ್ಯಪ್‌ಗಳೊಡನೆ ನಿಷೇಧಿಸಿತು. ಇಲ್ಲಿದ್ದುಕೊಂಡು ಅದನ್ನು ಪಡೆಯುವಂತಿಲ್ಲ. ಅಲ್ಲಿಗೆ ಹೋಗಿ ಪಡೆಯೋಣವೆಂದರೆ ಆಂಡ್ರಾಯ್ಡ್ ಫೋನಿನ ಗೂಗಲ್ ಅಂಗಡಿ ಚೀನಾದಲ್ಲಿ ತೆರೆಯುವುದಿಲ್ಲ. ಎರಡು ಸರಕಾರಗಳ ಎರಡು ನಿಷೇಧಗಳ ನಡುವೆ ಒಂದು ಹೊತ್ತಿನ ತಿಂಡಿ ಸಿಕ್ಕಿಕೊಂಡಿತು. ಉಳಿದುದು ಅಲಿಪೇ. ಅದರಲ್ಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ನಮೂದಿಸಿ, ಕಾರ್ಡಿನ ಸಂಖ್ಯೆಯನ್ನು ಸೇರಿಸಬೇಕು. ನಮ್ಮ ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳು ಸ್ವದೇಶದ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ಕಾರ್ಡಿನ ಒಡೆಯನೇ ಕೇಳಿ ತೆರೆಯಿಸಿಕೊಳ್ಳಬೇಕು. ಅದು ಮುಗಿದ ಮೇಲೆ ಬ್ಯಾಂಕು ಒಟಿಪಿಯನ್ನು ಕಳುಹಿಸುತ್ತದೆ, ಅದು ಬರುವುದು ಭಾರತದ ಸಿಮ್ಮಿಗೆ. ಆ ಸಿಮ್ಮನ್ನು ರೋಮಿಂಗಿಲ್ಲದೆ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟವನಿಗೆ ಒಟಿಪಿಯೂ ಇಲ್ಲ, ಹಣವೂ ಇಲ್ಲ. ಈ ನಿಯಮಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ವಿವೇಕವಿದೆ, ವಂಚಕರಿಂದ ನಮ್ಮನ್ನು ಕಾಪಾಡುವ ಸದುದ್ದೇಶವಿದೆ. ಆದರೆ ಬೇರೆ ಬೇರೆ ಕಚೇರಿಗಳಲ್ಲಿ ಕುಳಿತವರು ಬೇರೆ ಬೇರೆ ಕಾಲಗಳಲ್ಲಿ ಮಾಡಿದ ಈ ವಿವೇಕಗಳೆಲ್ಲ ಒಟ್ಟುಗೂಡಿ ಬಂದು ನಿಲ್ಲುವುದು ಹಸಿದು ನಿಂತ ಒಬ್ಬನೇ ಮನುಷ್ಯನ ಮುಂದೆ.

ಈ ಅವಸ್ಥೆಗೆ ತಂತ್ರಜ್ಞಾನವನ್ನು ದೂಷಿಸುವುದು ನ್ಯಾಯವಲ್ಲ. ಆ ಚೌಕವು, ಎಂದರೆ ಕ್ಯೂಆರ್ ಕೋಡ್, 1994ರಲ್ಲಿ ಜಪಾನಿನ ಡೆನ್ಸೋ ಸಂಸ್ಥೆಯಲ್ಲಿ ಮಸಾಹಿರೋ ಹಾರ ಎಂಬ ಎಂಜಿನಿಯರನ ನೇತೃತ್ವದಲ್ಲಿ, ಮೋಟಾರಿನ ಬಿಡಿಭಾಗಗಳ ಜಾಡು ಹಿಡಿಯುವುದಕ್ಕಾಗಿ ಹುಟ್ಟಿದುದು. ಆ ಸಂಸ್ಥೆ ತನ್ನ ಹಕ್ಕನ್ನು ಚಲಾಯಿಸದೆ ಲೋಕದವರೆಲ್ಲರ ಬಳಕೆಗೆ ಅದನ್ನು ಬಿಟ್ಟುಕೊಟ್ಟಿತು. ಅದು ಇಷ್ಟು ವ್ಯಾಪಕವಾಗಿ ಹಬ್ಬಲು ಈ ಔದಾರ್ಯವೂ ಒಂದು ಕಾರಣ. ಹೀಗೆ ಚೌಕದ ಆಕಾರವೇನೋ ಸರ್ವರದು. ಆದರೆ ಅದರೊಳಗೆ ಅಡಗಿರುವ ವಿಳಾಸವು ಆಯಾ ಆ್ಯಪಿನವರದು. ಗುವಾಂಗ್‌ಝೌದ ಗಾಡಿಯ ಮೇಲಿನ ಚೌಕಕ್ಕೆ ನಮ್ಮ ಫೋನ್‌ಪೇಯನ್ನು ಹಿಡಿದರೆ ಅದಕ್ಕೆ ಆ ಗುರುತು ಕಾಣುತ್ತದೆ, ಅರ್ಥವಾಗುವುದಿಲ್ಲ. ನೋಟು ಹೀಗಲ್ಲ. ನಮ್ಮ ರೂಪಾಯಿಯ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರು ರುಜುಮಾಡಿ ಕೊಡುವ ವಾಗ್ದಾನವು ಧಾರಕನನ್ನು ಉದ್ದೇಶಿಸಿದ್ದು. ಧಾರಕನು ಯಾರು, ಎಲ್ಲಿಯವನು, ಯಾವ ಬ್ಯಾಂಕಿನವನು ಎಂಬ ವಿಶೇಷಣ ಅಲ್ಲಿಲ್ಲ. ಆ್ಯಪಿನ ವಾಗ್ದಾನವು ಧಾರಕನಿಗಲ್ಲ, ಸದಸ್ಯನಿಗೆ. ಹಣವು ವಸ್ತುವಾಗಿದ್ದುದು ಹೋಗಿ ಸದಸ್ಯತ್ವವಾದಾಗ, ಪರದೇಶದವನಿಗೆ ಇರುವ ತೊಂದರೆ ಹಣವಿಲ್ಲದಿರುವುದಲ್ಲ, ಸದಸ್ಯನಲ್ಲದಿರುವುದು.

ಸದಸ್ಯತ್ವದ ಬಾಗಿಲನ್ನು ತೆರೆಯುವುದು ಅಸಾಧ್ಯವೇನಲ್ಲ ಎಂಬುದನ್ನೂ ಚೀನಾವೇ ತೋರಿಸಿಕೊಟ್ಟಿದೆ. 2019ರ ನವೆಂಬರಿನಲ್ಲಿ ಅಲಿಪೇ ಪ್ರವಾಸಿಗಳಿಗಾಗಿ, 90 ದಿನಗಳ ಅವಧಿಯ, ಮುಂಗಡವಾಗಿ ಹಣ ತುಂಬಿಸುವ ಒಂದು ಏರ್ಪಾಡನ್ನು ತಂದಿತು. ಸಾಂಕ್ರಾಮಿಕದ ವರ್ಷಗಳಲ್ಲಿ ದೇಶದ ಗಡಿಗಳೇ ಮುಚ್ಚಿದ್ದರಿಂದ ಈ ವಿಷಯ ಹಿಂದೆ ಬಿದ್ದಿತು. ಗಡಿ ತೆರೆದ ಮೇಲೆ ಬಂದ ಪ್ರವಾಸಿಗಳ ಪರದಾಟ ಎಲ್ಲರ ಕಣ್ಣಿಗೂ ಬಿದ್ದಿತು. 2023ರ ಜುಲೈ ಹೊತ್ತಿಗೆ ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದ ವಿದೇಶೀ ಕಾರ್ಡುಗಳನ್ನು ನೇರವಾಗಿ ಎರಡೂ ಆ್ಯಪ್‌ಗಳಿಗೆ ಜೋಡಿಸುವ ಅನುಕೂಲ ಒದಗಿತು. 200 ಯುವಾನಿನೊಳಗಿನ ಪಾವತಿಗೆ ಶುಲ್ಕವಿಲ್ಲ, ಮೀರಿದರೆ ನೂರಕ್ಕೆ 3ರಂತೆ ಎಂದು ಗೊತ್ತುಮಾಡಿದರು. 2024ರ ಮಾರ್ಚಿನಲ್ಲಿ ಅಲ್ಲಿನ ರಾಜ್ಯ ಪರಿಷತ್ತು ಈ ವಿಷಯದಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸಿತು. ಒಂದು ಬಾರಿಯ ಪಾವತಿಯ ಮಿತಿ 1,000 ಡಾಲರಿನಿಂದ 5,000ಕ್ಕೂ ವರ್ಷದ ಮಿತಿ 10,000ದಿಂದ 50,000ಕ್ಕೂ ಏರಿತು. ಆಗಲೂ ಕೊರತೆಗಳಿದ್ದುವು: ವಿದೇಶೀ ಕಾರ್ಡಿನ ಬಲದಿಂದ ಅಂಗಡಿಗೆ ಹಣ ಸಲ್ಲಿಸಬಹುದಾಗಿತ್ತೇ ಹೊರತು, ಜೊತೆಯಲ್ಲಿ ಉಂಡ ಗೆಳೆಯನಿಗೆ ತನ್ನ ಪಾಲನ್ನು ಕೊಡುವಂತಿರಲಿಲ್ಲ. ಆದರೂ 2019ರಲ್ಲಿ ದುಸ್ತರವಾಗಿದ್ದುದು 2024ರ ಹೊತ್ತಿಗೆ ಸುಗಮವಾಯಿತು. ಈ ಐದು ವರ್ಷಗಳಲ್ಲಿ ಯಾವ ಹೊಸ ಯಂತ್ರವನ್ನೂ ಕಂಡುಹಿಡಿಯಬೇಕಾಗಿ ಬರಲಿಲ್ಲ. ಅದೇ ಫೋನು, ಅದೇ ಚೌಕ, ಅದೇ ಕಾರ್ಡು. ಬದಲಾದುದು ಇಚ್ಛೆ. ತಾಂತ್ರಿಕ ಅಡಚಣೆಯೆಂದು ನಾವು ಕೈಚೆಲ್ಲಿ ಕೂರುವ ಅನೇಕ ವಿಷಯಗಳು ವಾಸ್ತವವಾಗಿ ತೀರ್ಮಾನಿಸದೆ ಬಿಟ್ಟ ವಿಷಯಗಳೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಪ್ರತಿಪಕ್ಷದ ಮಾತನ್ನೂ ಅದರ ಪೂರ್ಣ ಬಲದೊಡನೆ ಕೇಳತಕ್ಕದ್ದು. ಆ್ಯಪಿನೊಳಕ್ಕೆ ಒಮ್ಮೆ ಪ್ರವೇಶ ದೊರೆತ ಪ್ರವಾಸಿಗೆ ಅದು ಕೊಡುವ ಸುಖ ಸಾಮಾನ್ಯವಾದುದಲ್ಲ. ಬೆಲೆ ಅಂಕಿಗಳಲ್ಲಿ ಕಾಣುವುದರಿಂದ ಭಾಷೆ ಬಾರದವನಿಗೆ ಒಂದಕ್ಕೆರಡು ಹೇಳುವ ಅವಕಾಶ ಕಡಿಮೆಯಾಗುತ್ತದೆ, ಕೊಟ್ಟುದಕ್ಕೆ ದಾಖಲೆಯಿರುತ್ತದೆ, ಜೇಬುಗಳ್ಳರ ಭಯವಿಲ್ಲ, ಊರಿಗೆ ಹಿಂದಿರುಗುವಾಗ ಎಲ್ಲಿಯೂ ಸಲ್ಲದ ಪರದೇಶದ ಪುಡಿ ನಾಣ್ಯಗಳು ಚೀಲದ ತಳದಲ್ಲಿ ಉಳಿಯುವುದಿಲ್ಲ, ವಿಮಾನ ನಿಲ್ದಾಣದ ವಿನಿಮಯ ಕಟ್ಟೆಯಲ್ಲಿ ಕುಳಿತ ಆಧುನಿಕ ಚಿನಿವಾರನ ವಟ್ಟವೂ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಬೇರೊಂದುಂಟು. ಕಾರ್ಡಿನ ಕಾಲದಲ್ಲಿ, ಯಂತ್ರವನ್ನೂ ಶುಲ್ಕವನ್ನೂ ಭರಿಸಬಲ್ಲ ದೊಡ್ಡ ಹೋಟೆಲು, ದೊಡ್ಡ ಮಳಿಗೆಗಳು ಮಾತ್ರ ವಿದೇಶೀಯನ ಹಣವನ್ನು ಕಾಣುತ್ತಿದ್ದುವು. ಒಂದು ತುಂಡು ಕಾಗದದ ಮೇಲಿನ ಚೌಕವು ತಳ್ಳುಗಾಡಿಯವಳನ್ನೂ ಆ ವ್ಯಾಪಾರದೊಳಕ್ಕೆ ತಂದಿತು. ಪರದೇಶದವನ ಕಾಸು ಬೀದಿಯ ಬಡವರಿಗೂ ಮುಟ್ಟುವಂತಾದುದು ಸಣ್ಣ ಸಾಧನೆಯಲ್ಲ. ಈ ವ್ಯವಸ್ಥೆಯನ್ನು ಹಿಂದೆಗೆದುಕೊಳ್ಳಬೇಕೆಂದು ಹೇಳುವವನು ಆಕೆಯ ಅನ್ನಕ್ಕೆ ಅಡ್ಡಬಂದವನಾಗುತ್ತಾನೆ.

ಇನ್ನೊಂದು ವಾದವೂ ಉಂಟು. ಹೆಸರಿಗೆ ಅಂಟಿಕೊಂಡ ಹಣ ಹೊಸದೇನಲ್ಲ. ನಮ್ಮ ಸಾಹುಕಾರರ ಹುಂಡಿಗಳಲ್ಲಿ ‘ಶಾ ಜೋಗ್’ ಎಂಬ ಬಗೆಯದು ಪೇಟೆಯಲ್ಲಿ ಮರ್ಯಾದಸ್ಥನೆಂದು ಹೆಸರಾದ ವರ್ತಕನಿಗಲ್ಲದೆ ಬೇರೆಯವರಿಗೆ ಸಲ್ಲುತ್ತಿರಲಿಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆ 1891ರಲ್ಲಿ ಹೊರಡಿಸಿದ ಪ್ರವಾಸಿ ಚೆಕ್ಕಿನ ಮೇಲೆ ಕೊಳ್ಳುವಾಗ ಒಂದು ರುಜು, ಬಳಸುವಾಗ ಇನ್ನೊಂದು ರುಜು ಹಾಕಬೇಕಾಗಿತ್ತು. ಕಳ್ಳಹಣದ ಸಾಗಣೆಯನ್ನು ತಡೆಯಬೇಕಾದ ಸರಕಾರಗಳು ಹೆಸರು ಕೇಳದೆ ಇರುವುದು ಹೇಗೆ ಎಂಬುದು ಆ ವಾದ. ಇದು ನಿಜ, ಆದರೆ ಅರ್ಧ ನಿಜ. ಹುಂಡಿಯನ್ನು ಒಯ್ದವನು ಅದನ್ನು ಮುರಿಸಿಕೊಂಡ ಮೇಲೆ ಕೈಗೆ ಬರುತ್ತಿದ್ದುದು ನಾಣ್ಯ. ಪ್ರವಾಸಿ ಚೆಕ್ಕಿಗೆ ರುಜು ಹಾಕಿದವನು ಪಡೆಯುತ್ತಿದ್ದುದು ನೋಟು. ದೊಡ್ಡ ಮೊತ್ತಕ್ಕೆ ಹೆಸರು, ಸಣ್ಣ ಮೊತ್ತಕ್ಕೆ ಹೆಸರಿಲ್ಲದ ನಗದು ಎಂಬ ಇಬ್ಬಗೆಯ ಏರ್ಪಾಡು ಸಾವಿರಾರು ವರ್ಷ ಜೊತೆಜೊತೆಯಾಗಿ ನಡೆದುಬಂದಿತು. ಹೆಸರಿನ ಹಣ ಬಂದುದು ಇಂದಿನ ವಿಶೇಷವಲ್ಲ. ಹೆಸರಿಲ್ಲದ ಹಣ ಹೋಗುತ್ತಿರುವುದೇ ವಿಶೇಷ. ಸಾವಿರ ಡಾಲರಿನ ಸರಕಿಗೆ ಪಾಸ್‌ಪೋರ್ಟನ್ನು ಕೇಳಿದರೆ ಆಕ್ಷೇಪಿಸುವವರಿಲ್ಲ. ಒಂದು ಲೋಟ ಚಹಕ್ಕೂ ಅದನ್ನೇ ಕೇಳಿದರೆ ಎಚ್ಚರಿಕೆಗೂ ಅನುಮಾನಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ದೇಶದೇಶಗಳು ಈ ವಿಷಯದಲ್ಲಿ ಹಿಡಿದ ದಾರಿಗಳು ಒಂದೇ ಬಗೆಯವಲ್ಲ. ಸ್ವೀಡನ್ನಿನಲ್ಲಿ 2012ರಿಂದ ಪ್ರಚಾರದಲ್ಲಿರುವ ಸ್ವಿಷ್ ಎಂಬ ಆ್ಯಪಿಗೆ ಆ ದೇಶದ ಬ್ಯಾಂಕು ಖಾತೆ ಬೇಕು, ಖಾತೆಗೆ ಅಲ್ಲಿನ ಗುರುತಿನ ಸಂಖ್ಯೆ ಬೇಕು. ನಗದು ಬೇಡವೆಂದು ಫಲಕ ಹಾಕುವ ಸ್ವಾತಂತ್ರ್ಯವೂ ಅಲ್ಲಿನ ಅಂಗಡಿಯವನಿಗುಂಟು. ಕಾರ್ಡೊಂದು ಇಲ್ಲದಿದ್ದರೆ ಪ್ರವಾಸಿಗೆ ಅಲ್ಲಿ ಗತಿಯಿಲ್ಲ. ನೆರೆಯ ನಾರ್ವೆ ಇದರ ಅಪಾಯವನ್ನು ಮನಗಂಡು, ಅಂಗಡಿಯಲ್ಲಿ ನಗದನ್ನು ಕೊಡುವ ಗ್ರಾಹಕನ ಹಕ್ಕನ್ನು ಬಲಪಡಿಸುವ ಶಾಸನವನ್ನು 2024ರ ಅಕ್ಟೋಬರಿನಿಂದ ಜಾರಿಗೆ ತಂದಿದೆ. ಕೀನ್ಯಾದಲ್ಲಿಯಾದರೋ 2007ರಲ್ಲಿ ಹುಟ್ಟಿದ ಎಂ-ಪೆಸಾ ಬ್ಯಾಂಕು ಖಾತೆಯನ್ನೇ ಕೇಳಲಿಲ್ಲ. ಪಾಸ್‌ಪೋರ್ಟನ್ನು ತೋರಿಸಿ ಒಂದು ಸಿಮ್ ಕೊಂಡ ವಿದೇಶೀಯನು ಬೀದಿಯ ಏಜೆಂಟನ ಕೈಗೆ ನಗದನ್ನು ಕೊಟ್ಟು ಫೋನಿಗೆ ತುಂಬಿಸಿಕೊಳ್ಳಬಹುದು, ಬೇಡವಾದಾಗ ಮರಳಿ ನಗದಾಗಿಸಿಕೊಳ್ಳಬಹುದು. ಬ್ಯಾಂಕಿನ ಮುಖವನ್ನೇ ಕಾಣದ ತನ್ನ ಬಡ ಪ್ರಜೆಗಳಿಗಾಗಿ ಕಟ್ಟಿದ ವ್ಯವಸ್ಥೆಯೊಳಕ್ಕೆ ಪರದೇಶದವನೂ ಸಲೀಸಾಗಿ ಪ್ರವೇಶಿಸಿದನು. ಬ್ಯಾಂಕುಗಳಲ್ಲಿ ಸುಸ್ಥಿತರಾದ ಪ್ರಜೆಗಳಿಗಾಗಿ ಕಟ್ಟಿದ ವ್ಯವಸ್ಥೆ ಅವನನ್ನು ಹೊರಗೆ ನಿಲ್ಲಿಸಿತು. ಪರಕೀಯನ ಸೌಕರ್ಯಕ್ಕೂ ದುರ್ಬಲ ಪ್ರಜೆಯ ಸೌಕರ್ಯಕ್ಕೂ ಇರುವ ಈ ಸಂಬಂಧ ಆಕಸ್ಮಿಕವಾದುದಲ್ಲ.

ಈಗ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿ ನೋಡಿಕೊಳ್ಳೋಣ. ನಮ್ಮ ಯುಪಿಐ 2016ರ ಏಪ್ರಿಲಿನಲ್ಲಿ ಆರಂಭವಾಯಿತು. ಇಂದು ಹಂಪೆಯ ವಿರೂಪಾಕ್ಷ ದೇವಾಲಯದ ಎದುರಿನ ಎಳನೀರಿನವನ ಬಳಿಯಲ್ಲಿ ನಿಂತ ಜರ್ಮನಿಯ ಪ್ರವಾಸಿಯ ಸ್ಥಿತಿ, ಗುವಾಂಗ್‌ಝೌದಲ್ಲಿ ನಮ್ಮ ವರ್ತಕನಿಗಾದ ಸ್ಥಿತಿಗಿಂತ ಬಹುವಾಗಿ ಭಿನ್ನವಲ್ಲ. ಐನೂರರ ನೋಟನ್ನು ಕಂಡು ಎಳನೀರಿನವನು “ಚಿಲ್ಲರೆ ಇಲ್ಲ ಸಾರ್, ಸ್ಕ್ಯಾನ್ ಮಾಡಿ” ಎನ್ನುತ್ತಾನೆ. ಆ ಚೌಕವು ಜರ್ಮನಿಯವನಿಗೆ ಕೇವಲ ಒಂದು ಚಿತ್ರ. ಈ ಕೊರತೆಯನ್ನು ನಮ್ಮವರು ಅರಿಯದೆ ಇಲ್ಲ. 2023ರ ಫೆಬ್ರವರಿಯಲ್ಲಿ ಜಿ-20 ದೇಶಗಳ ಹಣಕಾಸು ಮಂತ್ರಿಗಳ ಸಭೆ ಬೆಂಗಳೂರಿನಲ್ಲಿ ನಡೆದ ಸಂದರ್ಭದಲ್ಲಿಯೇ, ಬೆಂಗಳೂರು, ಮುಂಬಯಿ, ದೆಹಲಿಯ ವಿಮಾನ ನಿಲ್ದಾಣಗಳಲ್ಲಿ ಇಳಿಯುವ ಆ ದೇಶಗಳ ಪ್ರವಾಸಿಗಳು ಪಾಸ್‌ಪೋರ್ಟನ್ನೂ ವೀಸಾವನ್ನೂ ತೋರಿಸಿ, ಮುಂಗಡ ಹಣ ತುಂಬಿದ ವಾಲೆಟ್ಟಿನ ಮೂಲಕ ಯುಪಿಐ ಬಳಸುವ ಅನುಕೂಲವನ್ನು ರಿಸರ್ವ್ ಬ್ಯಾಂಕು ಒದಗಿಸಿತು. ‘ಯುಪಿಐ ಒನ್ ವರ್ಲ್ಡ್’ ಎಂಬ ಹೆಸರಿನ ಈ ಏರ್ಪಾಡು ಸ್ತುತ್ಯವೇ ಸರಿ. ಆದರೆ ಮಂಗಳೂರಿನ ಹಳೆಯ ಪೇಟೆಯಲ್ಲಿಯೋ ಬೇಲೂರಿನ ಬೀದಿಯಲ್ಲಿಯೋ ಸಿಕ್ಕುವ ವಿದೇಶೀಯರನ್ನು ಕೇಳಿದರೆ ಅದರ ಹೆಸರನ್ನೇ ಕೇಳದವರು ಹಲವರಿರುತ್ತಾರೆ. ಇಳಿದ ನಿಲ್ದಾಣದಲ್ಲಿ ಅದನ್ನು ಹೇಳಿಕೊಡುವವರು ಇಲ್ಲದಿದ್ದರೆ ಇದ್ದೂ ಇಲ್ಲದಂತೆ.

ನಮ್ಮ ಉತ್ಸಾಹ ಹೆಚ್ಚಾಗಿ ಹರಿದಿರುವುದು ವಿರುದ್ಧ ದಿಕ್ಕಿಗೆ. 2021ರಲ್ಲಿ ಭೂತಾನ, 2023ರಲ್ಲಿ ಸಿಂಗಪುರದ ಪೇನೌ ಪಾವತಿ ವ್ಯವಸ್ಥೆಯ ಜೊತೆಗಿನ ಜೋಡಣೆ, 2024ರ ಫೆಬ್ರವರಿಯಲ್ಲಿ ಪ್ಯಾರಿಸಿನ ಐಫೆಲ್ ಗೋಪುರ, ಅದೇ ತಿಂಗಳಲ್ಲಿ ಶ್ರೀಲಂಕಾ ಮತ್ತು ಮಾರಿಷಸ್ ಎಂದು ನಮ್ಮ ಯುಪಿಐ ಕಾಲಿಟ್ಟ ಕಡೆಗಳ ಪಟ್ಟಿಯನ್ನು ಹೆಮ್ಮೆಯಿಂದ ಓದುತ್ತೇವೆ. ದೋಹಾದಲ್ಲಿಯೋ ದುಬೈಯಲ್ಲಿಯೋ ನೆಲಸಿದ ಕರಾವಳಿಯವನು, ಅಲ್ಲಿನ ದೂರವಾಣಿ ಸಂಖ್ಯೆಯನ್ನೇ ತನ್ನ ಅನಿವಾಸಿ ಖಾತೆಗೆ ಜೋಡಿಸಿ, ಊರಿಗೆ ಬಂದಾಗ ಯುಪಿಐ ಬಳಸುವ ಅನುಕೂಲವೂ 2023ರಿಂದ ದೊರೆತಿದೆ. ಇವೆಲ್ಲವೂ ಒಳ್ಳೆಯವೇ. ಆದರೆ ಇವೆಲ್ಲದರಲ್ಲಿಯೂ ನಾವು ಲಕ್ಷಿಸಿರುವುದು ಪ್ರವಾಸಿಯಾದ ಭಾರತೀಯನನ್ನು, ಇಲ್ಲವೆ ಭಾರತೀಯ ಖಾತೆಯುಳ್ಳವನನ್ನು. ಪರದೇಶದಲ್ಲಿ ನಮ್ಮವನಿಗೆ ಬಾಗಿಲು ತೆರೆಯಲೆಂದು ಬಯಸುವಷ್ಟೇ ಶ್ರದ್ಧೆಯಿಂದ ನಮ್ಮಲ್ಲಿಗೆ ಬಂದವನಿಗೆ ಬಾಗಿಲು ತೆರೆದಿದ್ದೇವೆಯೇ ಎಂದು ಕೇಳಿಕೊಳ್ಳುವುದು ನ್ಯಾಯದ ಪ್ರಾರಂಭ.

ಇದು ಕೆಲವು ದಿನಗಳ ಅತಿಥಿಯ ಅನುಕೂಲದ ಮಾತಲ್ಲವೆ, ಅದಕ್ಕಾಗಿ ಇಷ್ಟು ವಿಚಾರವೇಕೆ ಎಂದು ಕೇಳುವವರಿಗೆ ಚೀನಾದ 2024ರ ಆ ಸೂತ್ರಗಳನ್ನೇ ತೋರಿಸಬಹುದು. ಅವುಗಳಲ್ಲಿ ವಿದೇಶೀಯರ ಜೊತೆಗೇ ಹೆಸರಿಸಲ್ಪಟ್ಟವರು ಆ ದೇಶದ ವೃದ್ಧರು. ನಗದನ್ನು ನಂಬಿ ಬಾಳಿದ, ಫೋನಿನ ಪುಟ್ಟ ಅಕ್ಷರಗಳನ್ನು ಓದಲಾರದ ಹಿರಿಯರೂ, ಆ ದೇಶದ ಲಿಪಿಯನ್ನೇ ಅರಿಯದ ಪ್ರವಾಸಿಯೂ ಒಂದೇ ಗಾಡಿಯ ಮುಂದೆ ಒಂದೇ ಕಾರಣಕ್ಕಾಗಿ ತಡೆಯಲ್ಪಡುತ್ತಾರೆಂಬುದನ್ನು ಸರಕಾರವೇ ಒಪ್ಪಿಕೊಂಡಂತಾಯಿತು. ವ್ಯತ್ಯಾಸವೊಂದೇ: ಪ್ರವಾಸಿ ಕೆಲವು ದಿನಗಳಲ್ಲಿ ವಿಮಾನವೇರಿ ಹೊರಟುಹೋಗುತ್ತಾನೆ, ವೃದ್ಧರಿಗೆ ಹೋಗಲು ಬೇರೆ ದೇಶವಿಲ್ಲ. ಪ್ರವಾಸಿಯ ದೂರು ಪತ್ರಿಕೆಗಳಲ್ಲಿ ಬರುತ್ತದೆ, ದೇಶದ ಕೀರ್ತಿಗೆ ಕುಂದೆಂದು ಮಂತ್ರಿಗಳ ಗಮನಕ್ಕೂ ಬರುತ್ತದೆ. ಪಿಂಚಣಿಯ ನೋಟನ್ನು ಸೆರಗಿಗೆ ಕಟ್ಟಿಕೊಂಡು ಬಂದ ನಮ್ಮ ಹಳ್ಳಿಯ ಅಜ್ಜಿಯ ದೂರು ಅಂಗಡಿಯ ಜಗಲಿಯನ್ನು ದಾಟುವುದಿಲ್ಲ. ನಮ್ಮಲ್ಲಿ ನಗದು ಇನ್ನೂ ಧಾರಾಳವಾಗಿ ಚಲಾವಣೆಯಲ್ಲಿದೆ. 2025ರ ಜುಲೈನಲ್ಲಿ, ಯುಪಿಐ ಲೆಕ್ಕದ ಆಧಾರದ ಮೇಲೆ ತೆರಿಗೆಯ ನೋಟೀಸು ಬಂದಿತೆಂದು ಬೆಂಗಳೂರಿನ ಅನೇಕ ಸಣ್ಣ ಅಂಗಡಿಗಳವರು ಚೌಕಗಳನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದು ಹಾಕಿದಾಗ ಪೇಟೆ ನಿಲ್ಲದೆ ನಡೆದುದು ಆ ಕಾರಣದಿಂದಲೇ. ಆ ವಿವಾದದ ಸರಿತಪ್ಪು ಏನೇ ಇರಲಿ, ಎರಡು ದಾರಿಗಳಲ್ಲಿ ಒಂದು ಮುಚ್ಚಿದಾಗ ಇನ್ನೊಂದು ಉಳಿದಿರುವುದರ ಬೆಲೆ ಅಂದು ತಿಳಿಯಿತು. ಎರಡನೆಯ ದಾರಿಯನ್ನು ಉಳಿಸಿಕೊಳ್ಳಬೇಕಾದುದು ಅದು ಇನ್ನೂ ಇರುವಾಗ. ಹುಲ್ಲು ಬೆಳೆದು ಮುಚ್ಚಿಹೋದ ಮೇಲೆ ಅದನ್ನು ಮರಳಿ ಸವೆಸುವುದು ಎಷ್ಟು ಶ್ರಮವೆಂಬುದನ್ನು ಚೀನಾದ ಕೇಂದ್ರ ಬ್ಯಾಂಕಿನ ಪ್ರಕಟಣೆಗಳೇ ಸಾರುತ್ತವೆ.

ಆದುದರಿಂದ, ಯಾವ ಸರಕಾರವೇ ಆಗಲಿ, ತನ್ನ ಪೇಟೆಯನ್ನು ಆ್ಯಪಿನ ವಶಕ್ಕೆ ಬಿಟ್ಟುಕೊಡುವಾಗ ಕೆಲವು ಕರ್ತವ್ಯಗಳನ್ನು ಜೊತೆಗೇ ಹೊರಬೇಕಾಗುತ್ತದೆ. ಅನ್ನ, ಔಷಧ, ವಾಹನ, ವಸತಿ ಇವುಗಳನ್ನು ಒದಗಿಸುವ ಸ್ಥಳಗಳಲ್ಲಿ ನಗದನ್ನು ಸ್ವೀಕರಿಸುವಂತೆ ವಿಧಿಸಿದರಷ್ಟೇ ಸಾಲದು. ಚಿಲ್ಲರೆ ಸುಲಭವಾಗಿ ದೊರೆಯುವಂತೆ ಬ್ಯಾಂಕುಗಳಿಗೂ ವಿಧಿಸಬೇಕು, ಏಕೆಂದರೆ ಚಿಲ್ಲರೆಯಿಲ್ಲದ ನಗದು ಹೆಸರಿಗೆ ಮಾತ್ರ ನಗದು. ಸಣ್ಣ ಮೊತ್ತದ ಪಾವತಿಗೆ ಅಲ್ಪ ವಿಚಾರಣೆ, ಮೊತ್ತ ಹಿರಿದಾದಂತೆ ಹಿರಿದಾದ ವಿಚಾರಣೆ ಎಂಬ ಮೆಟ್ಟಿಲುಗಳ ಕ್ರಮ ಎಲ್ಲೆಡೆಯೂ ನೆಲೆಗೊಳ್ಳಬೇಕು. ಪ್ರವಾಸಿಯ ಮೇಲೆ ಹೊರಿಸುವ ಶುಲ್ಕವನ್ನು ಮುಂದಾಗಿಯೇ ಅವನ ಭಾಷೆಯಲ್ಲಿ ತಿಳಿಸಬೇಕು. ದೇಶದೇಶಗಳ ಚೌಕಗಳು ಪರಸ್ಪರ ಅರ್ಥವಾಗುವಂತೆ ಒಪ್ಪಂದಗಳಾಗಬೇಕು, ಮತ್ತು ಆ ಒಪ್ಪಂದಗಳು ಹೋಗುವವನಿಗೆ ಎಷ್ಟೋ ಬರುವವನಿಗೂ ಅಷ್ಟೇ ತೆರೆದಿರಬೇಕು. ಇವುಗಳಲ್ಲಿ ಒಂದೂ ದುಸ್ಸಾಧ್ಯವಾದುದಲ್ಲ. ಪ್ರತಿಯೊಂದನ್ನೂ ಯಾವುದೋ ಒಂದು ದೇಶ ಈಗಾಗಲೇ ಅಂಶತಃ ಮಾಡಿ ತೋರಿಸಿದೆ.

ಇದನ್ನು ಅತಿಥಿಸತ್ಕಾರವೆಂದು ಕರೆದು ಪ್ರವಾಸೋದ್ಯಮದ ಇಲಾಖೆಗೆ ವಹಿಸಿ ಸುಮ್ಮನಾಗುವುದು ಸರಿಯಲ್ಲ. ಸತ್ಕಾರವು ಕೊಡುವವನ ಔದಾರ್ಯವನ್ನು ಅವಲಂಬಿಸಿದ್ದು. ಇಂದು ಕೊಟ್ಟು ನಾಳೆ ನಿಲ್ಲಿಸಬಹುದಾದದ್ದು. ಅಪರಿಚಿತನ ಕೈಯಲ್ಲಿಯೂ ಸಲ್ಲಬೇಕೆಂಬುದು ಹಣದ ಸ್ವಧರ್ಮ. ಆ ಧರ್ಮವನ್ನು ಅದಕ್ಕೆ ಉಳಿಸಿಕೊಡುವುದು ಅದನ್ನು ಹೊರಡಿಸುವ ಸರಕಾರದ ಹೊಣೆ. ಪರಕೀಯನಿಗೆ ಇದನ್ನು ಹಕ್ಕೆಂದು ಒಪ್ಪಿಕೊಟ್ಟ ದೇಶದಲ್ಲಿ ಸ್ವಂತ ಪ್ರಜೆಗಳಲ್ಲಿ ಬಡವರಾದವರೂ ವೃದ್ಧರಾದವರೂ ಅದನ್ನು ಬೇರೆಯಾಗಿ ಬೇಡಬೇಕಾಗಿ ಬರುವುದಿಲ್ಲ.